ಪಾವ ಕಿಲೋ ಮೊಳೆ

ಈ ವಾರ ಮೂರನೇ ಸಲ ಗೇಟು ಕಿರುಗುಟ್ಟಿತು. "ಕಾಕಾರ, ಎರಡ ಎಲಿ ಹರಕೋತೀನ್ರಿ. ನಮ್ಮ ಭಾವಗ ಡೆಂಗಿ ಆಗೇತಿ." ನಾನು ಹೂಂ ಅನ್ನುವುದರೊಳಗೆ ಕಟಕ್ ಕಟಕ್ ಎಂದು ಎರಡಲ್ಲ, ನಾಲ್ಕು ಎಲೆ ದಂಟುಸಮೇತ ಕೆಳಗೆ ಬಂದವು. ಜ್ವರದ ಮನೆಯವರ ಜೊತೆ ಜಗಳ ತೆಗೆಯಲಾಗುತ್ತದೆಯೇ? "ರಸದ ಮ್ಯಾಲ ಭಾರ ಹಾಕಿ ಕೂಡಬ್ಯಾಡೋ, ರಕ್ತ ತಪಾಸಣಿ ಮಾಡಸ್ರಿ" ಎಂದೆ. ಅವನಾಗಲೇ ಓಣಿ ತಿರುವಿನಲ್ಲಿದ್ದ. ಮಳೆಗಾಲ ಶುರುವಾದಾಗಿನಿಂದ ನಮ್ಮ ಪಪ್ಪಾಯಿ ಗಿಡದ ನೆತ್ತಿ ನನ್ನ ನೆತ್ತಿಯ ಹಾಗೇ ಆಗಿದೆ. ಎಲೆಗೆ ಬಂದವರಲ್ಲಿ ಒಬ್ಬರೂ ಹಣ್ಣು ಕೇಳಿಲ್ಲ. ಕೇಳಿದ್ದರೂ ಕೊಡುವಂತಿರಲಿಲ್ಲ, ಅದು ಬೇರೆ ಮಾತು.

ಈ ಗಿಡ ನಾನು ಹಚ್ಚಿದ್ದಲ್ಲ. ಧಾರವಾಡದ ಮಾಳಮಡ್ಡಿಯ ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಾನೇ ಎದ್ದದ್ದು. ಅಲ್ಲಿ ಕರಿಬೇವು ಹಚ್ಚೋಣ ಎನ್ನುತ್ತಿದ್ದ ಮನೆಯಾಕೆಯ ಮಾತು ಮೀರಿ ಜಾಗ ಬಿಟ್ಟುಕೊಟ್ಟೆ. ಬುಡದಲ್ಲಿ ನೀರು ನಿಂತರೆ ಪಪ್ಪಾಯಿ ಕೊಳೆತುಹೋಗುತ್ತದೆಂದು ಸಾಬೂನಿನ ನೀರಿಗೆ ಬೇರೆ ಕಾಲುವೆ ತೋಡಿದೆ. ಆರು ತಿಂಗಳಿಗೆ ಹೂ ಬಂತು. ಮೊಳದುದ್ದದ ದಂಟಿಗೆ ಜೋತುಬಿದ್ದ ಸಣ್ಣ ಸಣ್ಣ ಹೂಗಳ ಗೊಂಚಲು. ನಾನು ಹಿಗ್ಗಿ ನಿಂತಿರುವಾಗಲೇ ಕಂಪೌಂಡಿನಾಚೆಯಿಂದ ಮಾಸ್ತರರು ಕತ್ತು ಚಾಚಿದರು. "ಗಂಡ ಗಿಡ ಅದರಿ ಇದು. ಮೊಳಿ ಹೊಡೀರಿ, ಹೆಣ್ಣಾಗ್ತದ."

ಸಂಜೆಯೊಳಗೆ ಓಣಿಯೇ ಎರಡು ಪಕ್ಷವಾಯಿತು. ಕಬ್ಬಿಣದ ಮೊಳೆ ಎಂದವರು ಕೆಲವರು, ತಾಮ್ರದ್ದೇ ಆಗಬೇಕೆಂದವರು ಕೆಲವರು. ಬುಡದಿಂದ ಗೇಣು ಮೇಲೆ, ಅಮಾವಾಸ್ಯೆಯ ದಿನ, ಸೂರ್ಯ ಹುಟ್ಟುವ ಮೊದಲು ಎಂದು ಒಬ್ಬ ಅಜ್ಜಿಯ ಕಟ್ಟಪ್ಪಣೆ. ಮನೆಯಾಕೆ ಮಾತ್ರ ಅಕ್ಕಿ ಆರಿಸುತ್ತ, ತಲೆಯೆತ್ತದೆ ಅಂದಳು: "ಮೊಳಿ ಹೊಡದ್ರ ಗಂಡಸ್ರು ಸುಧಾರಿಸೂದಿದ್ರ, ಮೂವತ್ತ ವರ್ಷದ ಹಿಂದ ನಾನ ಹೊಡೀತಿದ್ದೆ."

ಸುಭಾಸ ರೋಡಿಗೆ ಹೋಗಿ ಒಂದು ಮೂರಿಂಚಿನ ಮೊಳೆ ಕೇಳಿದೆ. ಅಂಗಡಿಯವ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಒಂದ ಮೊಳಿ ಹ್ಯಾಂಗ ತೂಗೂದ್ರಿ? ಪಾವ ಕಿಲೋಕಿಂತ ಕಮ್ಮಿ ಕೊಡೂದಿಲ್ಲ." ಪಾವ ಕಿಲೋ ಎಂದರೆ ಮೂವತ್ತರ ಮೇಲೆ. ಕಾಗದದ ಪೊಟ್ಟಣ ಜೇಬು ಹರಿದುಕೊಂಡು ಮನೆ ಸೇರಿತು. ಅಮಾವಾಸ್ಯೆ ನಸುಕಿನಲ್ಲಿ ಸುತ್ತಿಗೆ ಹಿಡಿದು ನಿಂತೆ. ಬಾಗಿಲ ಚೌಕಟ್ಟಿಗೆ ಹೊಡೆದ ರೂಢಿಯ ಕೈ. ಬೀಸಿ ಒಂದೇಟು ಹಾಕಿದೆ. ಪಪ್ಪಾಯಿಯದು ಕಟ್ಟಿಗೆಯಲ್ಲ, ಮೆತ್ತಗಿನ ಕಾಂಡ, ಒಳಗೆ ಪೊಳ್ಳು. ಮೊಳೆ ತಲೆಸಮೇತ ಒಳಗೆ ಹೋಗಿ ಕಾಣೆಯಾಯಿತು. ಆ ತೂತಿನಿಂದ ಬೆಳ್ಳನೆಯ ಹಾಲು ಇಳಿದು ನನ್ನ ಹೆಬ್ಬೆರಳಿಗೆ ಹತ್ತಿತು. ಮಾಂಸ ಮೆತ್ತಗಾಗಲೆಂದು ಕಾಯಿ ಪಪ್ಪಾಯಿ ಅರೆದು ಹಚ್ಚುತ್ತಾರಲ್ಲ, ಅದಕ್ಕೆ ಕಾರಣವಾದ ಪಪೈನ್ ಇರುವುದು ಇದೇ ಹಾಲಿನಲ್ಲಿ. ಎರಡು ದಿನ ಹೆಬ್ಬೆರಳು ಉರಿಯಿತು. ಅಜ್ಜಿಗೆ ತೋರಿಸಿದರೆ, ಸೂರ್ಯ ಹುಟ್ಟಿದ್ದನೇನೋ ನೋಡು ಎಂದಳು.

ಮುಂದೆ ನಡೆದದ್ದೇ ಅನಾಹುತ. ಮೂರ್ನಾಲ್ಕು ತಿಂಗಳಿಗೆ ಉದ್ದ ದಂಟುಗಳ ತುದಿಯಲ್ಲಿ ಐದು ಕಾಯಿ ಜೋತವು. ಹವೆ ಬದಲಾದಾಗ ಗಂಡು ಗಿಡದಲ್ಲೂ ಒಮ್ಮೊಮ್ಮೆ ದ್ವಿಲಿಂಗಿ ಹೂ ಬಂದು ಕಾಯಿ ಕಟ್ಟುತ್ತದೆ, ಮೊಳೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಕೃಷಿ ಓದಿದ ಅಳಿಯ ಹೇಳಿದ. ಓಣಿಯಲ್ಲಿ ಯಾರು ಕೇಳಬೇಕು? ಮಾಸ್ತರರು ದಿನಾ ಬೆಳಿಗ್ಗೆ ಬಂದು ಕಾಯಿ ಎಣಿಸಿ ಹೋಗತೊಡಗಿದರು, ಆ ಮೊಳೆ ಅವರಪ್ಪನ ಗಳಿಕೆಯೆಂಬಂತೆ.

ಹಣ್ಣು ಸಪ್ಪೆಯಾಗಿತ್ತು. ಹಾಗೆಂದರೆ ಪಪ್ಪಾಯಿಯ ಪರವಾಗಿ ವಕೀಲರು ಏಳುತ್ತಾರೆ: ನೂರು ಗ್ರಾಮಿಗೆ 60 ಮಿಲಿಗ್ರಾಮಿನಷ್ಟು ಸಿ ಜೀವಸತ್ವ, ಕಣ್ಣಿಗೆ ಕ್ಯಾರೊಟಿನ್, ಹೊಟ್ಟೆಗೆ ನಾರು. ಇರಲಿ, ನಿಜವೇ. ಆದರೆ ಆಪೂಸಿನ ಹೋಳು ಕೊಡುವಾಗ ಯಾರಾದರೂ "ಹೊಟ್ಟಿ ಸಾಫ್ ಆಗ್ತದ, ತಿನ್ನಿ" ಅನ್ನುತ್ತಾರೆಯೇ? ಹಣ್ಣನ್ನು ಹಣ್ಣಾಗಿ ತಿನ್ನಗೊಡದ ಈ ಜನರ ಮೇಲೆ ನನಗೆ ಸಿಟ್ಟಿದೆ. ನಮ್ಮ ಬೆಂಗಳೂರಿನ ಷಡ್ಡಕ ಅದನ್ನು ಪರಂಗಿ ಎನ್ನುತ್ತಾನೆ. ಮೆಕ್ಸಿಕೋ ಕಡೆಯ ಈ ಗಿಡವನ್ನು ಇಲ್ಲಿಗೆ ತಂದವರು ಪೋರ್ಚುಗೀಸರಂತೆ. ಅವರೂ ಕರುಳಿನ ಉಪದೇಶ ಮಾಡುತ್ತಲೇ ಹಡಗು ಇಳಿದರೋ ಏನೋ. ನಾನು ಖುಷಿಯಿಂದ ತಿಂದ ಪಪ್ಪಾಯಿ ಒಂದೇ, ಬೇಕರಿ ಬನ್ನಿನೊಳಗಿನ ಕೆಂಪು ಟೂಟಿ ಫ್ರೂಟಿ. ಕಾಯಿ ಪಪ್ಪಾಯಿಯನ್ನು ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ್ದು. ಅದರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ.

ಇದನ್ನು ಬರೆಯುತ್ತಿರುವಾಗ ಗೇಟು ಮತ್ತೆ ಕಿರುಗುಟ್ಟಿದೆ. ಎದ್ದು ಬೈಯಲೆಂದೇ ಹೋದೆ. ಹಿಂದಿನ ಓಣಿಯ ತಂಗಿ. ಆಕೆಗೆ ಎಲೆ ಬೇಡವಂತೆ, ಅವರ ಹಿತ್ತಲ ಗಿಡವೂ ಗಂಡಂತೆ. "ಅಣ್ಣಾರ, ನಿಮ್ಮ ಕಡೆ ಮೊಳಿ ಅದಾವಂತಲ್ರಿ?"

ಪೊಟ್ಟಣ ಪೂರ್ತಿ ಕೊಟ್ಟು ಕಳಿಸಿದೆ.