ಸುಟ್ಟ ಕಾಡಿನ ಚಿತ್ರಕ್ಕೆ ಕಪ್ಪು ಟ್ಯೂಬ್ ಬೇಡ

ಕಾಡ್ಗಿಚ್ಚು ಆರಿದ ಮೇಲಿನ ನೋಟವನ್ನು ಜಲವರ್ಣದಲ್ಲಿ ಬರೆಯುವಾಗ ಬಹಳಷ್ಟು ಜನರ ಕೈ ಮೊದಲು ಹೋಗುವುದು ಕಪ್ಪು ಟ್ಯೂಬಿಗೆ. ಚಿತ್ರ ಕೆಡುವುದು ಅಲ್ಲಿಂದಲೇ. ಹತ್ತಿರದ ಮರ, ದೂರದ ಮರ ಎಲ್ಲಕ್ಕೂ ಒಂದೇ ಕಪ್ಪು ಬಿದ್ದು ಕಾಡಿನ ಆಳವೇ ಮಾಯವಾಗುತ್ತದೆ.

ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ಕಪ್ಪು ಮಾಡಿಕೊಳ್ಳಿ. ಸುಮಾರು ಎರಡು ಪಾಲು ನೀಲಿಗೆ ಒಂದು ಪಾಲು ಸಿಯೆನ್ನಾ ಹಾಕಿದರೆ ಇದ್ದಿಲಿನ ನೀಲಿಗಪ್ಪು; ಸಿಯೆನ್ನಾ ಹೆಚ್ಚಿಸಿದರೆ ಕರಕಲು ತೊಗಟೆಯ ಕಂದು. ಬಣ್ಣದ ಕಡುಪು ಕಂಪನಿಯಿಂದ ಕಂಪನಿಗೆ ಬೇರೆ, ಚೂರು ಕಾಗದದ ಮೇಲೆ ಮೊದಲು ನೋಡಿ. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ ಬೇಕಾದ್ದಕ್ಕಿಂತ ಗಾಢವಾಗಿ, ಒಂದೇ ಸಲಕ್ಕೆ ಹಚ್ಚಿ. ಅರೆ ಒಣಗಿದ ಬಣ್ಣವನ್ನು ಮತ್ತೆ ಮತ್ತೆ ತೀಡಿದರೆ ರಾಡಿಯಾಗುತ್ತದೆ.

ಆದರೆ ಬಣ್ಣಕ್ಕಿಂತ ದೊಡ್ಡ ಕೆಲಸ, ಬೆಂಕಿ ಸಾಗಿದ ದಾರಿಯನ್ನು ಓದುವುದು. ಗಾಳಿಯ ಜೊತೆ ಓಡಿದ ಬೆಂಕಿ ಕಾಂಡದ ಮರೆಯಲ್ಲಿ ಸುಳಿದು ಮೇಲೇರುತ್ತದೆ. ಹಾಗಾಗಿ ಗಾಳಿಗೆ ಬೆನ್ನಾದ ಬದಿಯಲ್ಲಿ ಕರಕಲು ಎತ್ತರಕ್ಕೆ ಹೋಗಿರುತ್ತದೆ, ಎದುರಾದ ಬದಿಯಲ್ಲಿ ಗಿಡ್ಡ. ಬೆಂಕಿ ಇಳಿಜಾರನ್ನು ಹತ್ತಿದ್ದರೆ ಕಾಂಡದ, ಇಳಿಜಾರಿನ ಮೇಲ್ಗಡೆಗಿರುವ ಬದಿಯೇ ಹೆಚ್ಚು ಸುಟ್ಟಿರುತ್ತದೆ. ಒಂದೇ ಇಳಿಜಾರಿನ ಮರಗಳಲ್ಲಿ ಕರಕಲಿನ ಈ ಓರೆ ಬಹುಪಾಲು ಒಂದೇ ಕಡೆಗಿರಬೇಕು. ಮನಸ್ಸಿಗೆ ಬಂದಲ್ಲೆಲ್ಲ ಮಸಿ ಬಳಿದ ಚಿತ್ರದಲ್ಲಿ ಬೆಂಕಿಗೆ ದಿಕ್ಕೇ ಇರುವುದಿಲ್ಲ. ನೆಲಬೆಂಕಿಯಾಗಿದ್ದರೆ ಮೇಲಿನ ಎಲೆಗಳು ಉರಿಯದೆ, ಬಿಸಿಗೆ ಬಾಡಿ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತವೆ. ಅಂಥ ಕಡೆ ಬರೀ ಬೋಳು ಕೊಂಬೆ ಬರೆಯುವುದನ್ನು ನಾನಂತೂ ಒಪ್ಪುವುದಿಲ್ಲ.

ಬಿದ್ದ ದಿಮ್ಮಿ ಪೂರ್ತಿ ಉರಿದ ಜಾಗದಲ್ಲಿ ಬೂದಿ ಬೆಳ್ಳಗೆ, ದಿಮ್ಮಿಯ ಉದ್ದಕ್ಕೇ ಪಟ್ಟೆಯಾಗಿ ಬಿದ್ದಿರುತ್ತದೆ. ಅರೆ ಉರಿದಲ್ಲಿ ಕರಿ. ಬಿಳಿಗೆ ಕಾಗದವನ್ನೇ ಉಳಿಸಿಕೊಳ್ಳಿ. ಬಿಳಿ ಬಣ್ಣ ಮೇಲಿಂದ ಹಚ್ಚಿದರೆ ಗೋಡೆಯ ಸುಣ್ಣದಂತೆ ಕಾಣುತ್ತದೆ. ಎಲೆಗಳ ಮರೆ ಇಲ್ಲದಲ್ಲಿ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ಕಾಂಡದ ನೆರಳಿನ ಅಂಚು ಚುರುಕಾಗಿರಲಿ.

ನಿಜವಾದ ಇದ್ದಿಲಿನ ಗೆರೆ ಬೇಕಿದ್ದರೆ ವಾಶ್ (ನೀರು ಬೆರೆಸಿ ಹಚ್ಚಿದ ತೆಳು ಬಣ್ಣ) ಪೂರ್ತಿ ಒಣಗಿದ ಮೇಲೆ ಎಳೆಯಿರಿ, ಮೊದಲೇ ಎಳೆದರೆ ನೀರಿನ ಜೊತೆ ಹರಡಿ ಎಲ್ಲವನ್ನೂ ಮಸುಕಾಗಿಸುತ್ತದೆ. ಬೂದಿಯನ್ನು ಮಾತ್ರ ಬಣ್ಣಕ್ಕೆ ಬೆರೆಸಬೇಡಿ. ಅದು ಕ್ಷಾರ, ಪ್ರಶಿಯನ್ ನೀಲಿ ಕ್ಷಾರ ತಗುಲಿದರೆ ಕೆಟ್ಟು ಕಂದಾಗುತ್ತದೆ.

ಹಸಿರಿನ ವಿಷಯ. ಭರವಸೆಗೆಂದು ಚಿಗುರನ್ನು ಎಲ್ಲೆಡೆ ಚಿಮುಕಿಸುವವರಿದ್ದಾರೆ. ಚಿಗುರು ಒಡೆಯುವುದು ಬುಡದಿಂದ, ಕೆಲವು ಜಾತಿಗಳಲ್ಲಿ ಕಾಂಡದ ಮೇಲೂ, ಎಷ್ಟೋ ಮರಗಳಲ್ಲಿ ಮೊದಲಿಗೆ ಕೆಂಪಾಗಿ. ಮಳೆ ಬಿದ್ದರೆ ಹಗುರ ಬಿಳಿ ಬೂದಿ ಕೊಚ್ಚಿಹೋಗುತ್ತದೆ, ಇಲ್ಲವೇ ಒದ್ದೆಯಾಗಿ ಕಪ್ಪಾಗುತ್ತದೆ. ಆದ್ದರಿಂದ ಮಳೆಯ ನಂತರದ ದಟ್ಟ ಹಸಿರು ಬರೆಯುವುದಾದರೆ ಬೂದಿಯ ಬಿಳಿಯನ್ನು ಕೈಬಿಡಿ.