ಹೋಗಿದ್ದು ಪಾರಿವಾಳ

ನಮ್ಮ ಆಫೀಸಿನಲ್ಲಿ ಯಾರ ಮುಖ ಬಾಡಿದರೂ ಅವರು ನೆಟ್ಟಗೆ ನನ್ನ ಟೇಬಲ್ಲಿಗೆ ಬರುತ್ತಿದ್ದರು. "ಅಕ್ಕಾರ, ಮನಸ್ಸಿಗೆ ಭಾಳ ಬ್ಯಾಸರಾಗೈತ್ರಿ. ಒಬ್ಬನ ಕುಂತು ನೋಡಾಕ ಒಂದು ಛಲೋ ಸಿನಿಮಾ ಹೇಳ್ರಿ." ನಾನೂ ಡಾಕ್ಟರ ಗತ್ತಿನಲ್ಲಿ, ಬ್ಯಾಸರ ಎಷ್ಟು ದಿನದ್ದು, ಊಟ ಸೇರುತ್ತದೋ ಇಲ್ಲವೋ ಎಂದೆಲ್ಲ ವಿಚಾರಿಸಿ ಚೀಟಿಯಲ್ಲಿ ಹೆಸರು ಬರೆದುಕೊಡುತ್ತಿದ್ದೆ. ಈಗ ಆ ದವಾಖಾನೆ ಬಂದ್ ಆಗಿದೆ.

ಬಂದ್ ಮಾಡಿಸಿದ್ದು '777 ಚಾರ್ಲಿ'. 2022ರ ಈ ಚಿತ್ರವನ್ನು ನಾನು ನೋಡಿದ್ದು ಮೊದಲಿನ ಒಂದು ತಾಸು ಮಾತ್ರ. ಅಷ್ಟರಲ್ಲಿ ಮನೆಗೆ ಬೀಗರು ಬಂದಿದ್ದರು. ಆ ಒಂದು ತಾಸಿನಲ್ಲಿ ಲ್ಯಾಬ್ರಡಾರ್ ನಾಯಿಯೊಂದು ರಕ್ಷಿತ್ ಶೆಟ್ಟಿಯ ಮನೆಯನ್ನೆಲ್ಲ ಚಿಂದಿ ಮಾಡಿ ನನ್ನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿತ್ತು. ಹಾಗಾಗಿ, ಸಾಕಿದ ನಾಯಿ ಸತ್ತು ವಾರವಾಗಿದ್ದ ಕ್ಯಾಶಿಯರ್ ಬಂದು ಕೇಳಿದಾಗ ನಾನು ಹಿಂದೆಮುಂದೆ ನೋಡದೆ ಅದನ್ನೇ ಬರೆದುಕೊಟ್ಟೆ. ಸೋಮವಾರ ಅವರು ಬಂದರು. ಕಣ್ಣು ಮಿರ್ಚಿ ಭಜಿಯಂತೆ ಉಬ್ಬಿದ್ದವು.

"ಅಕ್ಕಾರ, ನಾಯಿಗೆ ಕ್ಯಾನ್ಸರ್ ಅಂತ ಮೊದಲ ಹೇಳಬೇಕೋ ಬ್ಯಾಡೋ?"

ಮುಂದೆ ಒಂದು ತಿಂಗಳು ನನ್ನ ಬಿಲ್ಲುಗಳೆಲ್ಲ ಎಲ್ಲರದ್ದೂ ಆದ ಮೇಲೇ ಪಾಸಾದವು.

ಆ ಪಾಪವೋ ಏನೋ, ಈ ಜುಲೈನಲ್ಲಿ ನನಗೇ ಬ್ಯಾಸರ ಅಮರಿಕೊಂಡಿತು. ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತಲ್ಲ, ಜೋರಾಗಿ ಹೊಡೆದು ನಿಲ್ಲುವ ಮರ್ಯಾದೆಯೇ ಅದಕ್ಕಿಲ್ಲ. ಒಗೆದ ಸೀರೆ ನಾಲ್ಕು ದಿನವಾದರೂ ಫ್ಯಾನಿನ ಕೆಳಗೆ ಹಸಿ ಹಸಿ. ಮಗಳು ಬೆಂಗಳೂರಿನ ಹಾಸ್ಟೆಲ್‌ಗೆ ಹೋಗಿದ್ದಳು, ನಮ್ಮವರು ಡ್ಯೂಟಿ ಮೇಲೆ ಬೆಳಗಾವಿಯಲ್ಲಿ.

ಮೊದಲು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಥೇಟರಿನಲ್ಲೇ ಕೂತು ನೋಡೋಣವೆಂದುಕೊಂಡೆ. "ಒಂದು ಟಿಕೆಟ್" ಎಂದರೆ ಕೌಂಟರಿನ ಹುಡುಗ ನನ್ನ ಬೆನ್ನ ಹಿಂದೆ ಇಣುಕಿ ನೋಡಿದ. ಒಳಗೆ ಹೋದರೆ ಎರಡು ಸೀಟು ಆಚೆ ನಮ್ಮವರ ಸೋದರತ್ತೆ! "ಒಬ್ಬಾಕಿನ ಬಂದೀ? ಮನ್ಯಾಗ ಏನರ ಆತೇನು?" ವಾಪಸ್ ಬರುವಾಗ ಬಸ್ಸು ಉಣಕಲ್ ದಾಟುವಷ್ಟರಲ್ಲಿ ಬೆಳಗಾವಿಯಿಂದ ಫೋನು ಬಂತು. "ನಾ ಏನರ ಅಂದ್ನೇನು?"

ಹೀಗಾಗಿ ಮುಂದಿನ ರವಿವಾರ ಮನೆಯಲ್ಲೇ ಕದ ಹಾಕಿಕೊಂಡು, ಒಗ್ಗರಣೆ ಚುರುಮುರಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು 'ಕಸ್ತೂರಿ ನಿವಾಸ' ಹಚ್ಚಿದೆ. ಬ್ಯಾಸರವಾದಾಗ ನಗಿಸುವ ಸಿನಿಮಾ ಒಬ್ಬರೇ ನೋಡಬಾರದು ಅಂತ ನನ್ನ ಲೆಕ್ಕ. ಖಾಲಿ ಮನೆಯಲ್ಲಿ ನಮ್ಮ ನಗು ನಮಗೇ ಕೇಳಿಸಿ ಇನ್ನಷ್ಟು ಹೊಟ್ಟೆ ಕಲಕುತ್ತದೆ. ಅಳಿಸುವಂಥದ್ದನ್ನು ಮಾತ್ರ ಒಬ್ಬರೇ ನೋಡಬೇಕು, ಸೆರಗು ಎಷ್ಟು ತೊಯ್ದರೂ ಕೇಳುವವರಿಲ್ಲ.

1971ರ ಚಿತ್ರ, ಎಷ್ಟನೆಯ ಸಲವೋ. ಕೊಟ್ಟು ಕೊಟ್ಟು ಬರಿಗೈಯಾದ ರಾಜ್‌ಕುಮಾರ್ ಮನೆಗೆ ಜಯಂತಿ ಬರುತ್ತಾರೆ. ಬಂದವರಿಗೆ ಊಟಕ್ಕಿಡಲು ಏನೂ ಇಲ್ಲ. ಉಳಿದಿದ್ದ ಒಂದೇ ಪಾರಿವಾಳವನ್ನು ಮಾರಿ ಊಟ ಹಾಕುತ್ತಾರೆ. ಉಂಡ ಮೇಲೆ ಆಕೆ, ತನ್ನ ಮಗುವಿಗೆಂದು ಅದೇ ಪಾರಿವಾಳವನ್ನು ಕೇಳುತ್ತಾಳೆ. ಆಗ ರಾಜ್‌ಕುಮಾರ್ ಮುಖ ನೋಡಬೇಕು ನೀವು. ಅವರು ನುಂಗಿಕೊಂಡಿದ್ದನ್ನೆಲ್ಲ ನಾನು ದನಿ ತೆಗೆದು ಅತ್ತೆ.

ನಮ್ಮ ಚಾಳಿನ ಗೋಡೆಗಳು ತೆಳು ಎನ್ನುವುದು ಮರೆತೇಹೋಗಿತ್ತು. ಕದ ಬಡಿದ ಸದ್ದು. ತೆಗೆದರೆ ಪಕ್ಕದ ಮನೆ ವೈನಿ, ಆಕೆಯ ಹಿಂದೆ ಮನೆ ಮಾಲಕರ ಅಜ್ಜಿ, ಅಜ್ಜಿಯ ಹಿಂದೆ ತಂಬಿಗೆಯಲ್ಲಿ ನೀರು ಹಿಡಿದ ಹುಡುಗ.

"ಯಾರು ಹೋದ್ರ?"

ಬಿಕ್ಕಳಿಕೆಯ ನಡುವೆ ನಾನು, "ಪಾರಿ...ವಾಳ..." ಎಂದೆ.

ವೈನಿ ಹಿಂದಿರುಗಿ ಕೂಗಿದರು. "ಪಾರ್ವತಿ ಹೋದಳಂತ!"

"ಯಾವ ಪಾರ್ವತಿ, ಗದಗಿನಾಕಿನೋ?" ಅಜ್ಜಿ ಹೊಸ್ತಿಲ ಮೇಲೇ ಕುಸಿದು ಕೂತರು. "ಅಯ್ಯ ಶಿವನ, ಮೊನ್ನೆ ಅಷ್ಟ ಆಕಿ ಕೈಯಾಗ ಪೇಡೆ ಕೊಟ್ಟು ಕಳಿಸೀನಿ!"

ನಾನು ಮೂಗು ಒರೆಸಿಕೊಂಡು ರಾಜ್‌ಕುಮಾರ್, ಜಯಂತಿ, ಊಟ, ಹಕ್ಕಿ ಎಂದು ಬಿಡಿಸಿ ಹೇಳುವಷ್ಟರಲ್ಲಿ ಕೆಳಗಿನ ಮನೆಯ ಕಾಕಾ ಮಾಲೆ ತರಲು ಸುಭಾಸ ರೋಡಿಗೆ ಗಾಡಿ ಬಿಟ್ಟಾಗಿತ್ತು.

ವಿಷಯ ತಿಳಿದ ಮೇಲಾದರೂ ಹೋಗಬೇಕಲ್ಲ? "ಇಂಥಾ ಹೊತ್ತಿನ್ಯಾಗ ನಿನ್ನ ಒಬ್ಬಾಕಿನ್ನ ಬಿಟ್ಟು ಹೋಗಂಗಿಲ್ಲ" ಎಂದು ಅಜ್ಜಿ ಚುರುಮುರಿ ಡಬ್ಬಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ನಗುವ ಸಿನಿಮಾಕ್ಕೆ ಜನ ಸಿಕ್ಕರಲ್ಲ ಎಂದು 1990ರ 'ಗಣೇಶನ ಮದುವೆ' ಹಚ್ಚಿದೆ. ಹಚ್ಚಬಾರದಿತ್ತು. ಅದರ ಕಥೆಯೇ ಒಂದು ವಠಾರದ್ದು, ಅದರಲ್ಲಿ ಬಾಡಿಗೆಗಿರುವ ಅನಂತ್‌ನಾಗ್‌ಗೂ ಮಾಲಕನಾದ ಮುಖ್ಯಮಂತ್ರಿ ಚಂದ್ರುಗೂ ಹಾವು ಮುಂಗುಸಿ. ಹತ್ತೇ ನಿಮಿಷದಲ್ಲಿ ಬಾಡಿಗೆದಾರರೆಲ್ಲ ಅನಂತ್‌ನಾಗ್ ಕಡೆ, ಅಜ್ಜಿ ಒಬ್ಬರೇ ಚಂದ್ರು ಕಡೆ. "ಬಾಡಿಗಿಗೆ ಇದ್ದಾವ ಇಷ್ಟು ಮಾತಾಡ್ತಾನ?" ಎಂದು ಅವರು ಟಿವಿ ಬಿಟ್ಟು ನನ್ನನ್ನೇ ನೋಡಿದರು. ನಾನು ಸುಮ್ಮನೆ ಚಹಾಕ್ಕಿಡಲು ಎದ್ದೆ. ಏಳು ಕಪ್ಪು.

ಕಾಕಾ ಶೇವಂತಿಗೆ ಮಾಲೆ ಹಿಡಿದು ತೊಯ್ಸಿಕೊಂಡು ಬಂದರು. ದೇವರಿಗೆ ಹಾಕೋಣವೆಂದರೆ, ಹೆಣಕ್ಕೆಂದು ತಂದದ್ದು ನಡೆಯುವುದಿಲ್ಲ ಎಂದರು ಅಜ್ಜಿ. ಕೊನೆಗೆ ನಮ್ಮ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ ಎಲ್ಲರೂ ಎದ್ದು ಹೋದರು.

ಸೋಮವಾರ ನಸುಕಿನಲ್ಲಿ ಬೆಳಗಾವಿಯಿಂದ ಬಂದ ನಮ್ಮವರು ಆ ಮಾಲೆ ನೋಡಿದ್ದಾರೆ. ನಮ್ಮ ಕದ ಬಡಿಯುವ ಧೈರ್ಯವಾಗದೆ ಪಕ್ಕದ ಮನೆಯದ್ದು ಬಡಿದಿದ್ದಾರೆ.

"ವೈನಿ... ಯಾರು ಹೋದ್ರು?"

ಒಳಗಿನಿಂದ ವೈನಿಯ ನಿದ್ದೆಗಣ್ಣಿನ ದನಿ ನನಗೂ ಕೇಳಿಸಿತು.

"ಪಾರಿವಾಳ್ರಿ."