ಕಾಗಿಣಾ ದಂಡೆಗೂ ಒಂದು ಕಾಲುದಾರಿ ಬೇಕು

ನಾನು ಕಲಬುರಗಿ ಜಿಲ್ಲೆಯ ಸೇಡಂ ಕಡೆಯವನು. ಈಗ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇದ್ದೇನೆ. ಈ ಊರಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಹೆಸರಾಂತ ಕಾಲೇಜುಗಳಲ್ಲ, ನದಿ ಪಕ್ಕದ ಕಾಲುದಾರಿ. ಕ್ಯಾಮ್ ದೊಡ್ಡ ನದಿಯೇನಲ್ಲ. ಮಳೆಗಾಲದ ಕಾಗಿಣಾ ನೋಡಿದವರಿಗೆ ಇದು ಭಾಳ ಸಣ್ಣದು ಅನಿಸುತ್ತದೆ. ಆದರೆ ಇದರ ಪಕ್ಕದಲ್ಲಿ ಯಾರು ಬೇಕಾದರೂ, ಯಾರನ್ನೂ ಕೇಳದೆ, ಗಂಟೆಗಟ್ಟಲೆ ನಡೆಯಬಹುದು. ಏರಿಲ್ಲ, ಇಳಿಜಾರಿಲ್ಲ. ವಯಸ್ಸಾದವರು, ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ತಳ್ಳುವವರು, ನಾಯಿ ಕರೆದುಕೊಂಡು ಬಂದವರು, ಪರೀಕ್ಷೆಯ ಚಿಂತೆಯಲ್ಲಿರುವ ಹುಡುಗರು, ಎಲ್ಲರಿಗೂ ಒಂದೇ ದಾರಿ. ಕಾಗಿಣಾ ನದಿ ದಂಡೆಯ ನಮ್ಮ ಮಳಖೇಡದಲ್ಲಿ ಇಂಥದೊಂದು ಯಾಕಿಲ್ಲ ಅನ್ನೋ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಜೀಸಸ್ ಗ್ರೀನ್ ಅನ್ನೋ ಬಯಲಿನಿಂದ ಹೊರಟು ಗ್ರ್ಯಾಂಟ್‌ಚೆಸ್ಟರ್ ಹಳ್ಳಿಯ ತನಕ ಹೋಗೋದು ನನಗೆ ಇಷ್ಟ. ನಿಂತು ನೋಡುತ್ತಾ ಹೋದರೂ ಅರ್ಧ ದಿನ ಸಾಕು. ದಾರಿಯಲ್ಲಿ ಕಿಂಗ್ಸ್ ಕಾಲೇಜಿನ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ, ಕಾಣುತ್ತದೆ. 1446ರಲ್ಲಿ ಶುರುವಾದ ಕಟ್ಟಡ, ಕಲ್ಲಿನ ಕೆಲಸ ಮುಗಿಯುವಾಗ 1515. ಕ್ಲೇರ್ ಕಾಲೇಜಿನ ಕಲ್ಲಿನ ಸೇತುವೆ 1640ರದ್ದು, ಇನ್ನೂ ಗಟ್ಟಿಯಾಗಿದೆ. ಸ್ವಲ್ಪ ಆಚೆ ಟ್ರಿನಿಟಿ ಕಾಲೇಜು. ನ್ಯೂಟನ್ ಓದಿದ ಜಾಗ. 1914ರಲ್ಲಿ ನಮ್ಮ ಗಣಿತಜ್ಞ ರಾಮಾನುಜನ್ ಬಂದು ಐದು ವರ್ಷ ಕಷ್ಟಪಟ್ಟ ಜಾಗವೂ ಅದೇ. ಅವರ ಕಳೆದುಹೋಗಿದ್ದ ಗಣಿತದ ಹಾಳೆಗಳು 1976ರಲ್ಲಿ ಸಿಕ್ಕಿದ್ದು ಅಲ್ಲಿನ ರೆನ್ ಗ್ರಂಥಾಲಯದಲ್ಲಿ. ಆ ಗ್ರಂಥಾಲಯ ನದಿಗೆ ಮುಖ ಮಾಡಿಕೊಂಡೇ ನಿಂತಿದೆ.

ಇಲ್ಲಿ ಎಲ್ಲಾ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಹಿಂದೆ ಸಾಮಾನಿನ ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದವು. ಕಾಲೇಜುಗಳು ತಮ್ಮ ದಂಡೆಯ ಮೇಲೆ ಕುದುರೆ ನಡೆಯಲು ಬಿಡಲಿಲ್ಲ, ಅದಕ್ಕೇ ನದಿಯೊಳಗೇ ಜಲ್ಲಿ ಹಾಕಿ ಎತ್ತರದ ದಾರಿ ಮಾಡಿ, ಪಾಪ, ಆ ಕುದುರೆಗಳನ್ನು ನೀರಿನಲ್ಲೇ ನಡೆಸಿದರು. ಇವತ್ತಿಗೂ ಆ ಭಾಗದ ದಂಡೆ ಕಾಲೇಜುಗಳ ಒಳಗೇ ಇದೆ, ಕೆಲವು ಕಡೆ ಒಳಗೆ ಹೋಗಲು ಟಿಕೆಟ್ ತಗೊಳ್ಳಬೇಕು. ಇದು ನನಗೆ ಒಪ್ಪಿಗೆಯಿಲ್ಲ. ನದಿ ನೋಡಲು ದುಡ್ಡು ಯಾಕೆ?

ಆದರೆ ಕಾಲೇಜಿನ ಗೋಡೆ ಮುಗಿದ ಮೇಲೆ ಕೋ ಫೆನ್ ಅನ್ನೋ ಹುಲ್ಲುಗಾವಲು ಬರುತ್ತದೆ. ಪೇಟೆಗೆ ಅಂಟಿಕೊಂಡೇ ಇರುವ ಜಾಗ, ಅಲ್ಲಿ ದನ ಮೇಯುತ್ತವೆ! ನಮ್ಮ ಕಡೆಯವರು ನೋಡಿದರೆ ಖುಷಿಪಡುತ್ತಾರೆ. ನದಿ ಉಕ್ಕಿದಾಗ ಇಂಥ ಹುಲ್ಲುಗಾವಲಿಗೆಲ್ಲ ನೀರು ಬರುತ್ತದೆ. ಅಲ್ಲಿ ಮನೆ ಕಟ್ಟಿಲ್ಲ, ಕಾಂಕ್ರೀಟ್ ಗೋಡೆಯೂ ಎಬ್ಬಿಸಿಲ್ಲ. ಚಳಿಗಾಲದಲ್ಲಿ ದಾರಿ ಕೆಲವು ದಿನ ನೀರಿನಡಿ ಹೋಗುತ್ತದೆ, ನೀರಿಳಿದ ಮೇಲೆ ಮಂದಿ ಮತ್ತೆ ಅದೇ ಕೆಸರಿನಲ್ಲಿ ಬೂಟು ಹಾಕಿಕೊಂಡು ನಡೆಯುತ್ತಾರೆ. ಇನ್ನೊಂದು ಮುಖ್ಯ ಮಾತು ಕಾನೂನಿನದು. 1949ರ ಕಾಯಿದೆಯ ಪ್ರಕಾರ ಇಲ್ಲಿ ಸಾರ್ವಜನಿಕ ಕಾಲುದಾರಿಗಳನ್ನು ನಕ್ಷೆಯಲ್ಲಿ ಗುರುತು ಮಾಡಿಟ್ಟಿದ್ದಾರೆ. ದಾರಿ ಯಾರದೋ ಹೊಲದ ನಡುವೆ ಹೋಗಿದ್ದರೂ ಸರಿ, ಮಾಲೀಕರು ಅದನ್ನು ಮುಚ್ಚುವಂತಿಲ್ಲ. ಹೊಲ ಅವರದು, ನಡೆಯುವ ಹಕ್ಕು ಎಲ್ಲರದು.

ಈಗ ನಮ್ಮ ಕಡೆ ಬನ್ನಿ. ಮಳಖೇಡ ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಆಳಿದ ಊರು. ಕನ್ನಡದಲ್ಲಿ ಇವತ್ತು ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ. ಕೋಟೆ ಕಾಗಿಣಾ ದಂಡೆಯ ಮೇಲೇ ಇದೆ. ಅದೇ ಸೀಮೆಯಲ್ಲಿ, ಚಿತ್ತಾಪುರದ ಹತ್ತಿರ, ನಾಗಾವಿ. ಅಲ್ಲಿನ ಘಟಿಕಾಸ್ಥಾನದ, ಅಂದರೆ ಆಗಿನ ಕಾಲದ ವಿದ್ಯಾಕೇಂದ್ರದ, 1058ರ ಶಾಸನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ಮಂದಿ, ಜೊತೆಗೆ ಆರು ಜನ ಸರಸ್ವತಿ ಭಂಡಾರಿಗರ ಲೆಕ್ಕ ಇದೆ. ಭಂಡಾರಿಗರು ಅಂದರೆ ಪುಸ್ತಕ ನೋಡಿಕೊಳ್ಳುವವರು. ಕೇಂಬ್ರಿಜ್ ವಿಶ್ವವಿದ್ಯಾಲಯ ಶುರುವಾದದ್ದು 1209ರಲ್ಲಿ! ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಷ್ಟು ದೊಡ್ಡ ಓದಿನ ನೆಲದಲ್ಲಿ ಹುಟ್ಟಿದ ಹುಡುಗ ಹುಡುಗಿಯರಿಗೆ ಅದನ್ನು ಕಾಲಿನಿಂದ ಪರಿಚಯ ಮಾಡಿಕೊಳ್ಳುವ ದಾರಿಯೇ ಇಲ್ಲವಲ್ಲ ಅನ್ನೋದು ನನ್ನ ಸಂಕಟ. ಬಸ್ಸಿನಲ್ಲಿ ಬರುತ್ತಾರೆ, ಕೋಟೆ ನೋಡುತ್ತಾರೆ, ಫೋಟೋ ತೆಗೀತಾರೆ, ಹೋಗ್ತಾರೆ. ನದಿ ಬೆನ್ನ ಹಿಂದೆಯೇ ಉಳಿಯುತ್ತದೆ.

ಊರಿನಲ್ಲಿ ಈ ಮಾತು ತೆಗೆದಾಗ ನಮ್ಮ ಕಾಕಾ ಕೇಳಿದರು, "ಹೊಳಿಗೆ ಸುಮ್ನ ಯಾಕ ಹೋಗ್ಬೇಕೋ?" ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮಲ್ಲಿ ಹೊಳೆಗೆ ಹೋಗೋದು ಸ್ನಾನಕ್ಕೆ, ಪೂಜೆಗೆ, ಬಟ್ಟೆ ಒಗೆಯೋಕೆ, ಎಮ್ಮೆ ಮೈ ತೊಳೆಯೋಕೆ. ಕೆಲಸ ಇಲ್ಲದೆ ದಂಡೆಯಲ್ಲಿ ನಡೆಯೋದು ರೂಢಿಯಲ್ಲಿಲ್ಲ. ಅದರಲ್ಲೂ ಹೆಣ್ಣುಮಕ್ಕಳು ಹೋಗಬೇಕಂದ್ರೆ ದಾರಿ ತೆರೆದಿರಬೇಕು, ನಾಲ್ಕು ಮಂದಿ ಓಡಾಡುತ್ತಿರಬೇಕು. ಕಲಬುರಗಿಯಲ್ಲಿ ಬೆಳಿಗ್ಗೆ ಅಪ್ಪನ ಕೆರೆ ಸುತ್ತ ವಾಕಿಂಗ್ ಮಾಡೋರು ಎಷ್ಟೊಂದು ಜನ ಇದ್ದಾರೆ ನೋಡಿ. ದಾರಿ ಇದ್ದರೆ ನಮ್ಮವರೂ ನಡೆಯುತ್ತಾರೆ.

ಬಿಸಿಲಿನ ಮಾತೂ ಬರುತ್ತದೆ. ಖರೇ, ಏಪ್ರಿಲ್ ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಆಗ ನಡೆಯಿರಿ ಅಂತ ಯಾರೂ ಹೇಳುವುದಿಲ್ಲ. ಆದರೆ ನವೆಂಬರಿನಿಂದ ಫೆಬ್ರುವರಿ ತನಕ? ತೊಗರಿ ಹೊಲಗಳು ಹಳದಿ ಹೂ ಬಿಟ್ಟು ನಿಂತಿರುವ ಹೊತ್ತಿನಲ್ಲಿ? ಬೆಳಗಿನ ಆ ತಂಪು ನನಗೆ ಕೇಂಬ್ರಿಜ್‌ನ ಬೇಸಿಗೆಗಿಂತ ಹೆಚ್ಚು ಇಷ್ಟ.

ದಯವಿಟ್ಟು ಕೋಟಿಗಟ್ಟಲೆ ಖರ್ಚು ಮಾಡಿ ದಂಡೆಗೆ ಸಿಮೆಂಟ್ ಬಳಿಯಬೇಡಿ. ಕಾಗಿಣಾ ಮಳೆಗಾಲದಲ್ಲಿ ಸೇತುವೆಯನ್ನೇ ಮುಳುಗಿಸುವ ನದಿ, ಅದರ ಮುಂದೆ ಚಂದದ ಗೋಡೆ ಉಳಿಯೋದಿಲ್ಲ. ಮುಳುಗಿ ಎದ್ದರೂ ಕೆಡದ ದಾರಿ ಸಾಕು. ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಕಲ್ಲು ಪಕ್ಕದಲ್ಲೇ ಸಿಗುತ್ತದೆ. ಬೇವು, ಹುಣಸೆ, ಹೊಂಗೆ ನೆಡಿ. ಅಲ್ಲಲ್ಲಿ ಕೂರಲು ಕಲ್ಲು, ಕುಡಿಯಲು ನೀರು, ಕೋಟೆಯ ಹತ್ತಿರ ಒಂದು ಶೌಚಾಲಯ, ಕನ್ನಡದಲ್ಲಿ ಬರೆದ ಫಲಕ. ಹೊಲದವರನ್ನು ಮೊದಲೇ ಕೂರಿಸಿ ಕೇಳಿ. ಬದುವಿನ ಮೇಲೆ ನಡೆಯಲು ಬಿಟ್ಟರೆ ಬೆಳೆಗೆ ತೊಂದರೆ ಆಗದಂತೆ ಬೇಲಿ ಹಾಕಿಕೊಡಿ.

ಒಂದು ವಿಷಯದಲ್ಲಿ ನಮ್ಮ ದಾರಿ ಇಲ್ಲಿನದಕ್ಕಿಂತ ಚಂದ ಇರುತ್ತದೆ ಅನ್ನೋದು ನನ್ನ ನಂಬಿಕೆ. ಇಲ್ಲಿ ಎದುರು ಬಂದವರು ಮುಗುಳ್ನಕ್ಕು ಮುಂದೆ ಹೋಗುತ್ತಾರೆ. ನಮ್ಮಲ್ಲಿ ಯಾವೂರು, ಯಾರ ಮಗ ಅಂತ ವಿಚಾರಿಸಿ, ಸುಸಲಾ ಮಿರ್ಚಿ ತಿನ್ನಿಸಿ, ಚಹಾ ಕುಡಿಸಿಯೇ ಕಳಿಸುತ್ತಾರೆ, ಅಲ್ವಾ? ಕಲಬುರಗಿಯಲ್ಲಿ, ಕಡಗಂಚಿಯಲ್ಲಿ ವಿಶ್ವವಿದ್ಯಾಲಯಗಳಿವೆ. ಅಲ್ಲಿನ ಇತಿಹಾಸ ಮತ್ತು ಕನ್ನಡ ವಿಭಾಗದ ಹುಡುಗರು ಈ ಚಳಿಗಾಲದಲ್ಲಿ ಒಂದು ಭಾನುವಾರ ಕೋಟೆಯಿಂದ ಹೊರಟು, ದಂಡೆಯಲ್ಲಿ ಎಲ್ಲಿ ತನಕ ನಡೆಯಬಹುದು, ಎಲ್ಲಿ ಮುಳ್ಳುಕಂಟಿ ಅಡ್ಡ ಇದೆ, ಯಾರ ಹೊಲ ಬರುತ್ತದೆ ಅಂತ ಬರೆದುಕೊಂಡು ಬಂದರೆ, ಪಂಚಾಯಿತಿಯ ಮುಂದೆ ಇಡಲು ಮೊದಲ ನಕ್ಷೆ ಸಿದ್ಧವಾಗುತ್ತದೆ.